ಬೋರಲು ಹಾಕಿದ ಲೋಟ

ಪಾರವ್ವ ಬಚ್ಚಲಮನೆಯ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ಯವ್ವಾ, ಒಳಗ ಏನ್ ಮಾಡಾಕತ್ತಿ?" ಹೊರಗಿನಿಂದ ಮಗಳು ರಕ್ಷಾ ಕೂಗಿದಳು.

"ಚಿಲಕ ನೋಡಾಕತ್ತೀನಿ."

"ಚಿಲಕದಾಗ ನೋಡೂದೇನೈತಿ?"

ಏನಿದೆ ಅಂತ ಕೇಳಿದವಳಿಗೂ ಗೊತ್ತಿತ್ತು. ಅದಕ್ಕೇ ಎರಡನೇ ಸಲ ಕೇಳಲಿಲ್ಲ. ಸಿಂದಗಿ ಕಡೆಯ ಊರು ಬಿಟ್ಟು ಬೆಂಗಳೂರಿಗೆ ಬಂದಂದಿನಿಂದ ತಾಯಿ ಮಗಳು ಬದುಕಿದ್ದು ಚಿಕ್ಕಬಾಣಾವರದ ರೈಲು ಹಳಿ ಪಕ್ಕ, ಯಾರದೋ ಖಾಲಿ ಸೈಟಿನ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಬಚ್ಚಲು ಅಂದರೆ ನಾಲ್ಕು ಗಳ ನೆಟ್ಟು ಸುತ್ತ ಹಳೇ ಸೀರೆ ಕಟ್ಟಿದ್ದು. ಬೆಳಕು ಹರಿಯುವ ಮುಂಚೆ ಮೈ ತೊಳೆದು ಮುಗಿಸಬೇಕು. ಮಗಳು ಒಳಗೆ, ತಾಯಿ ಹೊರಗೆ ಬೆನ್ನು ಹಾಕಿ ಕಾವಲು. ರೈಲು ಬಂದರೆ ಅದರ ಬೆಳಕಿಗೆ ಸೀರೆಯೊಳಗಿನ ಮೈಯೆಲ್ಲ ಕಾಣುತ್ತಿತ್ತು. ಆಗ ಸೋಪು ಹಚ್ಚಿದ ಮೈಯಲ್ಲೇ ರಕ್ಷಾ ನೆಲಕ್ಕೆ ಕುಕ್ಕರಿಸಬೇಕು. ರೈಲಿನೊಳಗಿಂದ ಯಾವನಾದರೂ ಸಿಳ್ಳೆ ಹೊಡೆದರೆ ಪಾರವ್ವ ಕಲ್ಲು ಬೀಸುತ್ತಿದ್ದಳು. ಆ ಕಲ್ಲು ಒಂದು ದಿನವೂ ಯಾರಿಗೂ ತಾಗಲಿಲ್ಲ. ಮಗಳು ಬಿ.ಕಾಂ. ಮುಗಿಸಿದಳು. ಹೆಸರಘಟ್ಟ ರಸ್ತೆಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸಕ್ಕೂ ಸೇರಿದಳು. ಸ್ನಾನ ಮಾತ್ರ ಹಾಗೇ ನಡೆಯಿತು. ಥೂ, ಅದೂ ಒಂದು ಸ್ನಾನವೇ!

ಈಗ ಆ ಸೈಟನ್ನೂ ಬಿಲ್ಡರ್ ಒಬ್ಬ ಕೊಂಡುಕೊಂಡ. ಜೆಸಿಬಿ ಬಂದು ಆ ತುದಿಯ ಶೆಡ್ಡುಗಳನ್ನು ಉರುಳಿಸಿತು. "ಮುಂದಿನ ವಾರ ನಿಮ್ದು" ಎಂದು ಅದರ ಡ್ರೈವರ್ ಕೂತಲ್ಲಿಂದಲೇ ಹೇಳಿ ಹೋದ.

ಮನೆ ಹುಡುಕಿದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಬ್ಬಿಗೆರೆಯಲ್ಲಿ ಮನೆಗಳಿಗೇನು ಬರವೇ? ಹೊಲ ಹೋಗಿ, ತೋಟ ಹೋಗಿ, ದನದ ಕೊಟ್ಟಿಗೆಗಳೂ ಹೋಗಿ, ಗಲ್ಲಿಗಲ್ಲಿಯಲ್ಲೂ ನಾಲ್ಕಂತಸ್ತಿನ ಬಿಲ್ಡಿಂಗುಗಳು ಎದ್ದಿವೆ. ಗೇಟಿಗೊಂದು ಟು-ಲೆಟ್ ಬೋರ್ಡು. ರಕ್ಷಾ ಆಫೀಸು ಮುಗಿಸಿ, ಪಾರವ್ವ ಫ್ಯಾಕ್ಟರಿ ಕ್ಯಾಂಟೀನಿನ ಪಾತ್ರೆ ತಿಕ್ಕಿ ಮುಗಿಸಿ, ಸಂಜೆ ಸಂಜೆ ಇಬ್ಬರೂ ಬೀದಿ ಅಲೆದರು. ಕಾಲು ಊದಿದವು. ಮನೆ ಖಾಲಿ ಇರುತ್ತಿತ್ತು, ಮಾತೂ ಚೆನ್ನಾಗಿಯೇ ಶುರುವಾಗುತ್ತಿತ್ತು. ಆಮೇಲೆ ಅದೇ ಪ್ರಶ್ನೆ. ಈ ಊರಿನಲ್ಲಿ ಜಾತಿ ಯಾವುದು ಅಂತ ಯಾರೂ ಕೇಳುವುದಿಲ್ಲ, ಅಷ್ಟು ಮುಂದುವರಿದಿದ್ದಾರೆ. "ವೆಜ್ಜಾ?" ಅನ್ನುತ್ತಾರೆ. "ಮನೆದೇವ್ರು ಯಾವ್ದು?" ಅನ್ನುತ್ತಾರೆ. "ಹೆಣ್ಣು ಗಂಡು ಎಲ್ಲ ಯಾವ ಕಡೆಯಿಂದ ತರ್ತೀರಾ?" ಅನ್ನುತ್ತಾರೆ. ಕೇಳಿ ಕೇಳಿ ರೋಸಿಹೋಗಿ ರಕ್ಷಾ, "ನಾವು ಎಸ್ಸಿ ಸಾರ್" ಎಂದುಬಿಡುತ್ತಿದ್ದಳು. ಅಷ್ಟೇ, ಆ ಕ್ಷಣಕ್ಕೆ ಆ ಮನೆ ಇನ್ಯಾರಿಗೋ ಹೋಗಿರುತ್ತಿತ್ತು. "ಅಯ್ಯೋ, ಈಗ್ತಾನೆ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರು ಕಣಮ್ಮ." ಬೋರ್ಡು ಮಾತ್ರ ಮರುದಿನವೂ ಗೇಟಿನಲ್ಲೇ ನೇತಾಡುತ್ತಿತ್ತು.

ಈ ಮನೆಯ ಮಾಲೀಕ ರಘುನಾಥ್ ಮಾತ್ರ ಏನನ್ನೂ ಕೇಳಲಿಲ್ಲ. ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡ. "ನಾರ್ತ್ ಕರ್ನಾಟಕದೋರಾ? ಹಂಗಾದ್ರೆ ಲಿಂಗಾಯತ್ರು. ಬಿಡಿ ಬಿಡಿ, ಭಾಷೆಲೇ ಗೊತ್ತಾಗೋಯ್ತು. ರೊಟ್ಟಿ ತಿನ್ನೋ ಜನ, ಕ್ಲೀನಾಗಿ ಇರ್ತೀರ." ರಕ್ಷಾ ಬಾಯಿ ತೆರೆದಳು. ಪಾರವ್ವ ಹಿಂದಿನಿಂದ ಮಗಳ ಮೊಣಕೈ ಚಿವುಟಿದಳು. ತೆರೆದ ಬಾಯಿ ಮುಚ್ಚಿತು. ತಾಯಿ ಮಗಳು ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಅಡ್ವಾನ್ಸ್ ಕೊಟ್ಟರು. ಕೀ ಕೈಗೆ ಬಂತು.

ಒಂದು ಹಾಲು, ಒಂದು ಬೆಡ್‌ರೂಮು, ಒಂದು ಅಡುಗೆಮನೆ, ಚಿಲಕವಿರುವ ಒಂದು ಬಚ್ಚಲು. ಮೂರನೇ ಮಹಡಿ. ಮಾಲೀಕರದು ಅದರ ಮೇಲಿನದು. ಪೇಂಟಿನವರು ಆಗಷ್ಟೇ ಕೆಲಸ ಮುಗಿಸಿ ಹೋಗಿದ್ದರು. "ಸ್ವಲ್ಪ ಗಲೀಜಿದೆ, ನೀವೇ ಕ್ಲೀನ್ ಮಾಡ್ಕೊಂಬಿಡಿ" ಅಂದಿದ್ದ ರಘುನಾಥ್. ಸ್ವಲ್ಪವಂತೆ! ನೆಲದ ತುಂಬ ಪೇಂಟು ಸಿಡಿದು ಒಣಗಿತ್ತು. ಕಿಟಕಿಯ ಗೂಡಿನಲ್ಲಿ ಸಿಮೆಂಟು ಗಟ್ಟಿಕೊಂಡಿತ್ತು. ಬಚ್ಚಲಿನ ಟೈಲ್ಸು ಯಾವ ಬಣ್ಣದ್ದೆಂದೇ ತಿಳಿಯುತ್ತಿರಲಿಲ್ಲ. ಆ ಭಾನುವಾರ ಇಡೀ ಪಾರವ್ವ ಮಂಡಿಯೂರಿ ಬ್ಲೇಡಿನಿಂದ ನೆಲ ಕೆರೆದಳು. ಆಸಿಡ್ ಹಾಕಿ ಬಚ್ಚಲು ತಿಕ್ಕಿದಳು. ಆ ಹೊಗೆಗೆ ಕಣ್ಣು ಉರಿದು, ಗಂಟಲು ಕಟ್ಟಿ, ಕೆಮ್ಮು ಹತ್ತಿತು. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸುಲಿಯಿತು. ಒಡೆದ ಟೈಲ್ಸು, ಸಿಮೆಂಟಿನ ಹೆಂಟೆಯನ್ನೆಲ್ಲ ಚೀಲಕ್ಕೆ ತುಂಬಿ, ತಲೆ ಮೇಲೆ ಹೊತ್ತು, ಮೂರು ಮಹಡಿ ಇಳಿದು ಹತ್ತಿ ಮಾಡಿದಳು. ಮೈ ನುಗ್ಗಾಯಿತು. ಆದರೂ ಪ್ರತಿ ಸಲ ಹತ್ತಿ ಬಂದಾಗಲೂ ಬಚ್ಚಲಿಗೆ ಹೋಗಿ ಆ ಚಿಲಕವನ್ನೊಮ್ಮೆ ಹಾಕಿ ತೆಗೆಯುತ್ತಿದ್ದಳು.

ಸಂಜೆಗೆ ರಘುನಾಥನ ತಾಯಿ ಗೋಪಾಲಮ್ಮ ಇಳಿದು ಬಂದು ಬಾಗಿಲಲ್ಲಿ ನಿಂತಳು. ಹಣೆ ತುಂಬ ಕುಂಕುಮ, ಕೈತುಂಬ ಬಳೆ, ಈ ಊರಿನಲ್ಲೇ ಹುಟ್ಟಿ ಈ ಊರಿಗೇ ಸೊಸೆಯಾದ ಹೆಂಗಸು.

"ಅಬ್ಬಬ್ಬಾ, ಏನ್ ಬೆಳಗಿದ್ದೀಯಮ್ಮ! ನೆಲ್ದಾಗೆ ಮೊಕ ಕಾಣ್ತದಲ್ಲೇ! ಬಾ, ಮ್ಯಾಕೆ ಬಂದು ಒಂದ್ಲೋಟ ಕಾಪಿ ಕುಡ್ಕೊಂಡೋಗು. ಮಗೀನೂ ಕರ್ಕೊಂಡ್ ಬಾ."

ಪಾರವ್ವ ಹಿಗ್ಗಿದಳು. ಮುಖ ತೊಳೆದು ಸೆರಗು ಸರಿಮಾಡಿಕೊಂಡು ಮಗಳೊಂದಿಗೆ ಮೇಲೆ ಹೋದಳು. ಸೋಫಾದ ತುದಿಯಲ್ಲಿ ಕೂತಳು. ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಗೋಪಾಲಮ್ಮನಿಗೆ ಮಾತೆಂದರೆ ಪ್ರಾಣ.

"ಈ ಬಿಲ್ಡಿಂಗ್ ಐತಲ್ಲ, ಇಲ್ಲಿ ನಮ್ ಕೊಟ್ಟಿಗೆ ಇತ್ತು ಕಣಮ್ಮ. ಅಲ್ಲಿ ಉಲ್ಲಿನ ಮೆದೆ. ಆಳುಕಾಳು ಎಷ್ಟ್ ಜನ ಅಂತೀಯ! ಈಗೆಲ್ಲಿ, ಎಲ್ಲ ಓಯ್ತು. ನೀವು ಸುಕ್ರವಾರ ಬೆಳಿಗ್ಗೆ ಬಂದು ಆಲುಕ್ಕಿಸ್ಬಿಡಿ, ದಿನ ಚೆನ್ನಾಗೈತೆ. ನಾನೂ ಕೆಳೀಕ್ ಬತ್ತೀನಿ..."

ಪಾರವ್ವ ಕಾಫಿ ಕುಡಿದು ಮುಗಿಸಿದಳು. ಲೋಟ ಹಿಡಿದು ಎದ್ದಳು. ಬಾಗಿಲಾಚೆ ಗಿಡಗಳಿಗೆ ನೀರು ಬಿಡುವ ನಲ್ಲಿಯಿತ್ತು. ಅಲ್ಲಿಗೆ ಹೋಗಿ ಲೋಟ ತೊಳೆದಳು. ಹೆಬ್ಬೆರಳಿನಿಂದ ಅಂಚು ಉಜ್ಜಿ ಇನ್ನೊಮ್ಮೆ ತೊಳೆದಳು. ಮೋಟುಗೋಡೆಯ ಮೇಲೆ, ಬಿಸಿಲು ಬೀಳುವ ಕಡೆ, ಬೋರಲು ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು ತಿರುಗಿದಳು.

ಗೋಪಾಲಮ್ಮನ ಮಾತು ಅರ್ಧಕ್ಕೇ ನಿಂತಿತ್ತು. ರಕ್ಷಾಳ ಮುಖದಲ್ಲಿ ರಕ್ತವಿರಲಿಲ್ಲ.

ಪಾರವ್ವನಿಗೆ ಯಾರೂ ತೊಳೆಯೆಂದು ಹೇಳಿರಲಿಲ್ಲ. ಅವಳೂ ತೊಳೆಯಬೇಕೆಂದುಕೊಂಡಿರಲಿಲ್ಲ. ಕೈ ತೊಳೆಯಿತು. ಅವಳ ಊರಿನ ಚಹಾದಂಗಡಿಯಲ್ಲಿ ಕೇರಿಯವರ ಲೋಟಗಳಿಗೆ ಹೊರಗೋಡೆಯಲ್ಲಿ ಬೇರೆ ಗೂಡು. ತಾವೇ ತೆಗೆದುಕೊಳ್ಳಬೇಕು, ದೂರ ನಿಂತು ಕುಡಿಯಬೇಕು, ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಹಾಕದಿದ್ದರೆ ಬೈಗುಳ, ಕೆಲವು ಸಲ ಏಟು. ನಡೆಯಲು ಕಲಿತ ಕಾಲಕ್ಕೇ ಕಲಿತ ವಿದ್ಯೆ ಅದು. ಬೆಂಗಳೂರಿಗೆ ಬಂದ ಮೇಲೆ ಯಾರ ಮನೆಯೊಳಗೂ ಕೂತು ಕುಡಿದವಳಲ್ಲ, ಹಾಗಾಗಿ ಕೈ ಅದನ್ನು ಮರೆಯುವ ಸಂದರ್ಭವೇ ಬಂದಿರಲಿಲ್ಲ. ಗೋಪಾಲಮ್ಮನಿಗೂ ಇದು ಹೊಸದಲ್ಲ. ಅವಳ ಆ ಕೊಟ್ಟಿಗೆಯ ಗೋಡೆಯಲ್ಲೂ ಒಂದು ಗೂಡಿತ್ತು, ಆಳುಗಳ ಲೋಟಕ್ಕೆ. ಕೊಟ್ಟಿಗೆ ಕೆಡವಿ ಬಿಲ್ಡಿಂಗ್ ಕಟ್ಟಿದರು. ಅವಳ ತಲೆಯೊಳಗಿನ ಗೂಡನ್ನು ಯಾರೂ ಕೆಡವಲಿಲ್ಲ.

"ಎಷ್ಟೊತ್ತಾಯ್ತು, ದೀಪ ಅಚ್ಬೇಕು" ಎಂದು ಗೋಪಾಲಮ್ಮ ಎದ್ದಳು. ಪಾರವ್ವನನ್ನು ಕಳಿಸುವಾಗ ಮೋಟುಗೋಡೆಯತ್ತ ಗದ್ದ ಚಾಚಿ ಹೇಳಿದಳು: "ಆ ಲೋಟ ನೀನೇ ಮಡಿಕ್ಕೊಳಮ್ಮ. ಒಸಾ ಮನೇಗೆ ಅಂತ ನಂದೊಂದು ಇರ್ಲಿ."

ಲೋಟದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಗೋಪಾಲಮ್ಮ' ಎಂದು ಹೆಸರು ಕೊರೆದಿತ್ತು. ಪಾರವ್ವ ಅದನ್ನು ಸೆರಗಿನಲ್ಲಿ ಸುತ್ತಿ ತಂದಳು. ಮಾಲೀಕರು ತಮ್ಮ ಹೆಸರಿನ ಲೋಟ ಕೊಟ್ಟರೆಂದರೆ ಸಣ್ಣ ಮಾತೇ? ಶೆಡ್ಡಿನ ಸಾಲಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದಳು. ಪಕ್ಕದ ಶೆಡ್ಡಿನ ವಾಜಿದ್, ಗೂಡ್ಸ್ ಆಟೋ ಓಡಿಸುವವನು, "ಚಾಚೀ, ಸಾಮಾನು ನನ್ ಗಾಡೀಲೇ ಹೋಗ್ಬೇಕು, ಬೇರೆ ಯಾರ್ನೂ ಕರೀಬೇಡಿ" ಅಂದ. ರಕ್ಷಾ ಮಾತ್ರ ಗೋಡೆಗೆ ಮುಖ ಹಾಕಿ ಮಲಗಿಬಿಟ್ಟಳು. ದಣಿದಿರಬೇಕು ಅಂದುಕೊಂಡಳು ತಾಯಿ.

ಬುಧವಾರ ಸಂಜೆ ರಕ್ಷಾ ಶೆಡ್ಡಿಗೆ ಬಂದವಳು ಬ್ಯಾಗನ್ನು ಮೂಲೆಗೆ ಎಸೆದಳು.

"ಫೋನ್ ಬಂದಿತ್ತು. ಅವರ ಅಕ್ಕನ ಮಗ ಬರ್ತಾನಂತ. ಮನಿ ಅವಂಗ ಬೇಕಂತ. ಅಡ್ವಾನ್ಸ್ ವಾಪಸ್ ಹಾಕ್ತೀನಿ, ಕೀ ತಂದು ಕೊಡ್ರಿ ಅಂದ."

"ಯಾವ ಅಕ್ಕನ ಮಗ? ಮೊನ್ನಿ ಆಕಿ ಎಷ್ಟ್ ಚೊಲೋ ಮಾತಾಡಿದ್ಳು! ಲೋಟಾ ಸೈತ ಕೊಟ್ಟಾಳ..."

"ಕೊಡಲಿಲ್ಲ ಯವ್ವಾ! ಲೋಟಾ ಕೊಡಲಿಲ್ಲ ಆಕಿ. ಬಿಸಾಕಿದ್ಳು. ಹೊರಗ ಬಿಸಾಕೂದನ್ನ ನಿನ್ನ ಕೈಯಾಗ ಬಿಸಾಕಿದ್ಳು."

ಪಾರವ್ವ ಮಗಳ ಮುಖವನ್ನೇ ನೋಡಿದಳು.

"ಯಾಕ ತೊಳದಿ? ಯಾರ್ ಹೇಳಿದ್ರು ನಿನಗ? ಸೋಫಾದ ಮ್ಯಾಲೆ ಕುಂತಿದ್ದಿ, ಕಾಫಿ ಕುಡದಿದ್ದಿ, ಅಲ್ಲೇ ಕೆಳಗ ಇಟ್ಟು ಬರಾಕ ಏನಾಗಿತ್ತು ನಿನಗ? ನಾ ಓದಿದ್ದು, ನೌಕರಿ ಮಾಡಿದ್ದು, ಎಲ್ಲಾ ಒಂದ್ ಲೋಟದಾಗ ತೊಳದು ಬಿಟ್ಟೆಲ್ಲ!" ರಕ್ಷಾ ಅಳುತ್ತಿದ್ದಳು. ಅಳುತ್ತಲೇ ಕಿರುಚುತ್ತಿದ್ದಳು. "ಇನ್ನ ಆ ಸೀರಿ ಮರಿಯಾಗ ನಾ ಜಳಕಾ ಮಾಡಂಗಿಲ್ಲ. ಸತ್ತರೂ ಮಾಡಂಗಿಲ್ಲ."

ಪಾರವ್ವನಿಗೆ ಅಳು ಬರಲಿಲ್ಲ. ಲೋಟವನ್ನು ಕೈಗೆತ್ತಿಕೊಂಡಳು. ಮೂರು ದಿನ ಇದನ್ನು ಎಷ್ಟು ಜನಕ್ಕೆ ತೋರಿಸಿದ್ದಳು! ಎಷ್ಟು ಹಲ್ಲು ಕಿರಿದಿದ್ದಳು! ಆ ನೆನಪಿಗೆ ಕಿವಿಯವರೆಗೂ ಬಿಸಿಯೇರಿತು. ಎಸೆದುಬಿಡಲು ಕೈಯೆತ್ತಿದಳು. ಎಸೆಯಲಿಲ್ಲ. ಆ ಮನೆಯ ನೆಲಕ್ಕೆ ಹೋದ ತನ್ನ ಬೆರಳ ಚರ್ಮ ನೆನಪಾಯಿತು, ತಲೆ ಮೇಲೆ ಹೊತ್ತು ಇಳಿಸಿದ ಚೀಲಗಳು ನೆನಪಾದವು. ಬಳಿದು, ತಿಕ್ಕಿ, ಹೊತ್ತು ಹಾಕುವ ತನಕ ಮೈಲಿಗೆಯಿರಲಿಲ್ಲವಲ್ಲ? ಕೆಲಸ ಮುಗಿದ ಮೇಲೆ ಎಲ್ಲಿಂದ ಬಂತು ಮೈಲಿಗೆ?

"ಶುಕ್ರವಾರ ಹಾಲ ಉಕ್ಕಸೂದೈತಿ" ಅಂದಳು.

"ಹುಚ್ಚ ಹಿಡದೈತೇನ್ ನಿನಗ?"

"ಆಕಿನ ಹೇಳಿದ ದಿನ. ಕೀ ನನ್ನ ಹತ್ರ ಐತಿ. ಕಾಲೇಜಿಗೆ ಅರ್ಧ ದಿನ ರಜಾ ಹಾಕು."

ಶುಕ್ರವಾರ ಬೆಳಿಗ್ಗೆ ತಾಯಿ ಮಗಳು ಮೂರನೇ ಮಹಡಿ ಹತ್ತಿದರು. ಪಾರವ್ವನ ಕೈಯಲ್ಲಿ ಪುಟ್ಟ ಗ್ಯಾಸ್ ಒಲೆ, ಹೆಗಲಿಗೊಂದು ಚೀಲ, ರಕ್ಷಾಳ ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಒಂದು ಹೊಸ ಪಾತ್ರೆ. ಕೀ ತಿರುಗಿತು. ಇನ್ನೂ ಬೀಗ ಬದಲಿಸಿರಲಿಲ್ಲ. ಹೋಗಿ ಎಂದರೆ ಹೋಗಿಬಿಡುವ ಜನ ಅಂದುಕೊಂಡಿದ್ದಿರಬೇಕು. ಪಾರವ್ವ ಮುಂಬಾಗಿಲನ್ನು ಗೋಡೆಗೆ ತಾಗುವಂತೆ ಪೂರಾ ತೆರೆದಳು. ಕದ್ದು ಬಂದವರಲ್ಲವಲ್ಲ. ಒಲೆ ಹಚ್ಚಿ, ಪಾತ್ರೆಗೆ ಅರಿಸಿನ ಕುಂಕುಮ ಇಟ್ಟು, ಹಾಲು ಸುರಿದಳು. ತಾಯಿ ಮಗಳು ಎದುರು ಬದುರು ಕೂತು ಕಾದರು. ಹಾಲು ಕಾಯಲು ಎಷ್ಟೊಂದು ಹೊತ್ತು ಹಿಡಿಯಿತು! ರಕ್ಷಾ ಎದ್ದು ಬಾಗಿಲಿಗೆ ಹೋದಳು, ಕಿಟಕಿಗೆ ಹೋದಳು, ಮತ್ತೆ ಬಂದು ಕೂತಳು. ಕೊನೆಗೆ ಹಾಲು ನೊರೆಯೆದ್ದು ಬಂದು ಪಾತ್ರೆಯ ಸುತ್ತ ಸುರಿಯಿತು. ಸುಟ್ಟ ಹಾಲಿನ ವಾಸನೆ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಯಿತು.

ವಾಸನೆಯ ಹಿಂದೆಯೇ ಗೋಪಾಲಮ್ಮ ಇಳಿದು ಬಂದಳು. ಅವಳ ಹಿಂದೆ ಟವೆಲ್ಲು ಹೆಗಲ ಮೇಲಿದ್ದ ರಘುನಾಥ್.

"ಯಾರಮ್ಮ ನಿಮ್ಗೆ ಬಾ ಅಂದೋರು?" ಗೋಪಾಲಮ್ಮ ಹೊಸಿಲಿನಾಚೆಯೇ ನಿಂತು ಕೇಳಿದಳು.

"ನೀವ ಹೇಳಿದ್ರಲ್ರಿ, ಶುಕ್ರವಾರ ದಿನಾ ಚೊಲೋ ಐತಿ ಅಂತ."

"ಏನ್ರೀ ಇದು ರಕ್ಷಾ?" ರಘುನಾಥ್ ದನಿಯೇರಿಸಿದ. "ಫೋನ್ ಮಾಡಿ ಹೇಳಿದ್ನಲ್ಲ. ಮನೆ ಬೇರೆಯವ್ರಿಗೆ ಬೇಕು. ಕೀ ಕೊಟ್ಟು ಹೋಗಿ."

ಪಾರವ್ವ ಚೀಲದಿಂದ ಲೋಟ ತೆಗೆದಳು. ಬಿಸಿ ಹಾಲು ತುಂಬಿದಳು. ಸೆರಗಿನಿಂದ ಹಿಡಿದು ಎದ್ದು ಬಂದು ಹೊಸಿಲಿನ ಮೇಲೆ ಕೈ ಚಾಚಿದಳು.

"ತಗೊಳ್ರಿ. ಹೊಸಾ ಮನಿ ಹಾಲು ಮೊದಲ ಹಿರಿಯರಿಗಿ ಕೊಡಬೇಕಂತಲ್ಲ. ಲೋಟಾನೂ ನಿಮ್ದ ಐತಿ. ನಿಮ್ಮ ಹೆಸರೈತಿ ನೋಡ್ರಿ."

ಗೋಪಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಸೆರಗನ್ನು ಮೈಗೆ ಎಳೆದುಕೊಂಡಳು.

"ಬ್ಯಾಡ ಕಣಮ್ಮ. ನಂಗೆ ಸುಗರ್ ಐತೆ."

"ಸಕ್ರಿ ಹಾಕಿಲ್ರಿ."

ಮಾತೆಂದರೆ ಪ್ರಾಣ ಬಿಡುವ ಗೋಪಾಲಮ್ಮ ಮಗನ ಮುಖ ನೋಡಿದಳು. ಮಗ ಗೋಡೆ ನೋಡಿದ.

"ಮೊನ್ನಿ ನಾ ಲೋಟಾ ತೊಳದೆ, ನಾವು ಯಾರಂತ ನಿಮಗ ತಿಳೀತು" ಅಂದಳು ಪಾರವ್ವ. ಚಾಚಿದ ಕೈ ಹಾಗೇ ಇತ್ತು. ಲೋಟದ ಬಿಸಿ ಸೆರಗು ದಾಟಿ ಸುಲಿದ ಬೆರಳಿಗೆ ತಾಗುತ್ತಿತ್ತು. "ಇವತ್ತ ನೀವು ಹಾಲ ಕುಡೀವಲ್ರಿ. ನೀವು ಯಾರಂತ ನಮಗೂ ತಿಳೀತು."

"ನೋಡಿ, ನಾನು ಜಾತಿಗೀತಿ ನೋಡೋನಲ್ಲ," ರಘುನಾಥ್ ನಡುವೆ ಬಂದ. "ಅಮ್ಮ ಹಳೇ ಕಾಲ್ದೋರು. ಬೇರೆ ಟೆನೆಂಟ್ಸ್ ಇದಾರೆ, ಎಲ್ರಿಗೂ ಒಂದೇ ಸಂಪಿನ ನೀರು. ನಾಳೆ ಯಾರಾದ್ರೂ ಖಾಲಿ ಮಾಡ್ಕೊಂಡ್ ಹೋದ್ರೆ? ಸುಮ್ನೆ ಹೋಗ್ತೀರೋ, ಪೊಲೀಸ್‌ನೋರ್ನ ಕರೀಲೋ?"

"ಕರೀರಿ ಸಾರ್," ರಕ್ಷಾ ಎದ್ದು ಬಂದು ತಾಯಿಯ ಪಕ್ಕ ನಿಂತಳು. "ಅಡ್ವಾನ್ಸ್ ತಗೊಂಡ್ರಿ, ಕೀ ಕೊಟ್ರಿ, ಮನೆ ತೊಳಿಸ್ಕೊಂಡ್ರಿ. ಈಗ ಯಾಕೆ ಬೇಡ ಅಂತ ಅವ್ರ ಮುಂದೆ ನೀವೇ ಹೇಳಿ. ಈಗ್ತಾನೆ ಸಂಪು ಅಂದ್ರಲ್ಲ, ಅದನ್ನೂ ಹೇಳಿ. ನಿಮ್ಮ ಅಕ್ಕನ ಮಗನ್ನೂ ಕರ್ಸಿ, ನಾವೂ ನೋಡ್ತೀವಿ."

ಎದುರು ಮನೆಯ ಬಾಗಿಲು ತುಸು ತೆರೆಯಿತು. ಯಾರೋ ಇಣುಕಿದರು. ರಘುನಾಥ್ ಆ ಕಡೆ ನೋಡಿ ದನಿ ತಗ್ಗಿಸಿದ. ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ಆಯ್ತಮ್ಮ, ಆಯ್ತು. ಗಲಾಟೆ ಯಾಕೆ? ಇರಿ. ಒಂದೇ ಮಾತು, ಯಾರಾದ್ರೂ ಕೇಳಿದ್ರೆ ಲಿಂಗಾಯತ್ರು ಅಂತ್ಲೇ ಹೇಳ್ಬಿಡಿ. ಮೇಲೆ ನಮ್ಮನೆ ಕಡೆ ಬರೋದ್ ಬೇಡ. ನಿಮ್ಗೂ ತೊಂದ್ರೆ ಇಲ್ಲ, ನಮ್ಗೂ ಇಲ್ಲ."

ಮನೆ ಸಿಕ್ಕಿತು! ಇಷ್ಟು ದಿನ ಕಾಲು ಊದುವ ತನಕ ಅಲೆದದ್ದು ಇದಕ್ಕೇ ತಾನೆ? ಹೂಂ ಅಂದರೆ ಮುಗಿಯಿತು. ಚಿಲಕ ಹಾಕಿಕೊಂಡು ಮಗಳು ಹಗಲು ಹೊತ್ತಿನಲ್ಲೇ ಸ್ನಾನ ಮಾಡಬಹುದು. ರಕ್ಷಾ ತಾಯಿಯ ಕಡೆ ನೋಡಿದಳು. ಈ ಸಲ ತಾಯಿ ಮೊಣಕೈ ಚಿವುಟಲಿಲ್ಲ.

"ಇಲ್ರಿ" ಅಂದಳು ಪಾರವ್ವ.

"ಏನಿಲ್ಲ?"

"ಬಾಡಿಗಿ ಕೊಡ್ತೀವ್ರಿ. ಸುಳ್ಳ ಹೇಳಂಗಿಲ್ಲ. ಅವತ್ತ ನನ್ನ ಮಗಳು ಖರೇ ಹೇಳಾಕ ಬಾಯಿ ತಗದಿದ್ಳು, ನಾನ ಚಿವುಟಿ ಮುಚ್ಚಸಿದೆ. ಇನ್ನ ಮುಚ್ಚಸಂಗಿಲ್ಲ. ಯಾರ್ ಕೇಳಿದ್ರೂ ನಾವು ಏನ ಅದೀವಿ ಅದನ್ನ ಹೇಳ್ತೀವಿ. ಈ ನೆಲಾ ನಾ ತಿಕ್ಕೀನಿ, ಈ ಹಾಲ ನಾ ಉಕ್ಕಸೀನಿ. ನಾವು ಇಲ್ಲೇ ಇರ್ತೀವಿ. ಯಾರನ್ ಕರೀತೀರಿ ಕರೀರಿ."

ಅಷ್ಟು ಹೇಳಿ ಚಾಚಿದ ಕೈಯನ್ನು ಹಿಂದಕ್ಕೆ ತಂದಳು. ಲೋಟವನ್ನು ತುಟಿಗೆ ಇಟ್ಟಳು. ಎತ್ತಿ ಸುರಿದುಕೊಳ್ಳಲಿಲ್ಲ, ಕಚ್ಚಿಯೇ ಕುಡಿದಳು, ಅವರ ಕಣ್ಣೆದುರೇ, ತಳದವರೆಗೆ. ಆಮೇಲೆ ಹೊಸಿಲು ದಾಟಿ, ಮೇಲೆ ಹೋಗುವ ಮೆಟ್ಟಿಲಿನ ಮೊದಲನೆಯದರ ಮೇಲೆ ಲೋಟ ಇಟ್ಟಳು. ಬಾಯಿ ಮೇಲಾಗಿಯೇ ಇಟ್ಟಳು. ಅಂಚಿಗೆ ಕೆನೆ ಅಂಟಿತ್ತು.

"ನಿಮ್ಮ ಲೋಟಾ. ತೊಳಕೋರಿ."

ಗೋಪಾಲಮ್ಮ ಲೋಟದಿಂದ ದೂರಕ್ಕೆ, ಗೋಡೆಗೆ ಒರಗಿಕೊಂಡು ಮೆಟ್ಟಿಲು ಹತ್ತಿದಳು. ರಘುನಾಥ್ ಏನೋ ಗೊಣಗುತ್ತ ಫೋನ್ ಒತ್ತುತ್ತ ಹಿಂದೆ ಹೋದ. ಯಾರನ್ನು ಕರೆದನೋ, ಕರೆಯಲಿಲ್ಲವೋ. ಬರುವವರು ಬರಲಿ.

"ಹೋಗು, ಜಳಕಾ ಮಾಡು" ಎಂದಳು ಪಾರವ್ವ ಮಗಳಿಗೆ.

"ಈಗಾ? ಅವರು ಯಾರನರ ಕರಕೊಂಡ್ ಬಂದ್ರ?"

"ಬಂದ್ರ ನಾ ಅದೀನಲ್ಲ. ಹೋಗು."

ರಕ್ಷಾ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು. ನೀರು ಬಿದ್ದ ಸದ್ದು ಕೇಳಿತು. ಪಾರವ್ವ ಅಭ್ಯಾಸದಂತೆ ಬಚ್ಚಲಿಗೆ ಬೆನ್ನು ಹಾಕಿ ಕಾವಲು ನಿಂತಳು. ಆಮೇಲೆ ಅರಿವಾಗಿ ಅಲ್ಲಿಂದ ಸರಿದು ಬಂದಳು. ಕೆಳಗೆ ಗೇಟಿನ ಮುಂದೆ ವಾಜಿದನ ಆಟೋ ಹಾರ್ನ್ ಹೊಡೆಯಿತು. ಬೆಳಿಗ್ಗೆಯೇ ಹೇಳಿ ಬಂದಿದ್ದಂತೆ ಶೆಡ್ಡಿನ ಸಾಮಾನು ಬಂದಿತ್ತು.

ಪಾರವ್ವ ಹೊರಗೆ ಬಂದಳು. ಲೋಟ ಮೆಟ್ಟಿಲ ಮೇಲೆ ಹಾಗೇ ಇತ್ತು. ಆಗಲೇ ಇರುವೆ ಹತ್ತಿದ್ದವು. ಮೇಲಿನ ಮನೆಯ ಬಾಗಿಲು ಒಂದಿಷ್ಟು ತೆರೆದಿತ್ತು. ಸಂದಿಯಲ್ಲಿ ಬಳೆ ಸದ್ದಾಯಿತು. ಅಲ್ಲಿ ನಿಂತವಳು ಕಾಯುತ್ತಿದ್ದಳು, ಇವಳೇ ಬಂದು ತೊಳೆದಿಡುತ್ತಾಳೆ ಅಂತ.

ಪಾರವ್ವನ ಬಲಗೈ ತಾನಾಗಿಯೇ ಲೋಟದ ಕಡೆ ಹೋಯಿತು. ಬೆರಳು ಅಂಚಿಗೆ ತಾಗುವಷ್ಟರಲ್ಲಿ ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಳು. ಬಿಗಿಯಾಗಿ ಹಿಡಿದುಕೊಂಡಳು.

"ವಾಜಿದಾ, ಮೊದಲ ಟ್ರಂಕ್ ಇಳಸಪಾ" ಎಂದು ಕೂಗಿ ಹೇಳುತ್ತ ಲೋಟವನ್ನು ಅಲ್ಲೇ ಬಿಟ್ಟು ಕೆಳಗಿಳಿದಳು.